ಪಾಂಬನ್‌ನಲ್ಲಿ ಕಂಡ ಏತ

ಮದುರೆಯಿಂದ ಹೊರಟ ಪ್ಯಾಸೆಂಜರ್ ರೈಲು ಮಂಡಪಂ ದಾಟಿ ನಿಧಾನವಾಯಿತು. ಬೋಗಿಯಲ್ಲಿದ್ದವರೆಲ್ಲ ಕಿಟಕಿಗೆ ಮುಗಿಬಿದ್ದರು. ನಾನೂ ಬಗ್ಗಿ ನೋಡಿದೆ. ತಡೆಗೋಡೆಯಿಲ್ಲ, ಹಳಿಯ ಪಕ್ಕದಲ್ಲಿ ನೆಲವಿಲ್ಲ, ಎರಡೂ ಕಡೆ ಬರೀ ನೀಲಿ ನೀರು. ನಾಲ್ಕು ಫೋಟೋ ತೆಗೆದು, ‘ಪಾಂಬನ್ ಸೇತುವೆ ನೋಡಿಯಾಯಿತು’ ಎಂದು ಹೆಂಡತಿಗೆ ಹೇಳಿದೆ. ನಾನು ನೋಡಿದ್ದು ಕಡಲನ್ನು ಮಾತ್ರ. ಅದು ಗೊತ್ತಾಗಿದ್ದು ಮೂರನೆಯ ದಿನ.

ತೀರ್ಥಸ್ನಾನ, ದೇವರ ದರ್ಶನ ಮುಗಿಸಿ, ಆಟೋ ಹಿಡಿದು ರಸ್ತೆ ಸೇತುವೆಗೆ ಹೋಗಿದ್ದೆವು. ಅದು ಎತ್ತರದಲ್ಲಿದೆ, ಕೆಳಗೆ ನೀರಿಗೆ ಹತ್ತಿರವಾಗಿ ರೈಲು ಸೇತುವೆ ಮಲಗಿತ್ತು. ಎರಡು ಕಿಲೋಮೀಟರ್ ಉದ್ದಕ್ಕೂ ಕುಳ್ಳ ಕಂಬಗಳ ಸಾಲು, ನಡುವೆ ಒಂದೇ ಕಡೆ ಉಕ್ಕಿನ ದೊಡ್ಡ ಚೌಕಟ್ಟು. ಆಚೆ ಒಂದು ಸಣ್ಣ ಹಡಗು, ಅದರ ಹಿಂದೆ ಮೀನುಗಾರರ ದೋಣಿಗಳು ಕಾಯುತ್ತಿದ್ದವು. ಚೌಕಟ್ಟಿನ ಮೇಲೆ ಕೆಲವು ಕೆಲಸಗಾರರು ಉದ್ದನೆಯ ಹಿಡಿಗಳನ್ನು ಹಿಡಿದು ಸುತ್ತು ಬರತೊಡಗಿದರು. ಮೋಟಾರಿನ ಸದ್ದಿಲ್ಲ. ಸೇತುವೆ ನಡುವೆ ಬಿರಿದು, ಎರಡು ರೆಕ್ಕೆಗಳಾಗಿ, ಹಳಿಗಳ ಸಮೇತ ಮೇಲಕ್ಕೆ ಎದ್ದಿತು.

ಅಷ್ಟು ಭಾರವನ್ನು ಮನುಷ್ಯರ ತೋಳು ಎತ್ತುವುದು ಹೇಗೆ? ನೋಡುತ್ತ ನಿಂತವನಿಗೆ ಅಜ್ಜನ ತೋಟದ ಏತ ನೆನಪಾಯಿತು. ಹಿಂಬದಿಗೆ ಕಟ್ಟಿದ ಗುಂಡುಕಲ್ಲಿನ ಭಾರಕ್ಕೆ ನೀರು ತುಂಬಿದ ಕೊಡ ಹಗುರವಾಗಿ ಮೇಲೇರುತ್ತಿತ್ತು. ಇಲ್ಲೂ ಪ್ರತಿ ರೆಕ್ಕೆಯ ಹಿಂದೆ ಸರಿತೂಕದ ಭಾರವಿತ್ತು. ರೆಕ್ಕೆಯ ಬುಡ ತೊಟ್ಟಿಲ ಕಾಲಿನ ಹಾಗೆ ಬಾಗಿತ್ತು. ಅದು ಹಿಂದಕ್ಕೆ ಉರುಳಿದಂತೆ ತುದಿ ಮೇಲೇರುತ್ತಿತ್ತು. ಷಿಕಾಗೋದ ಎಂಜಿನಿಯರ್ ವಿಲಿಯಂ ಷೆರ್ಜರ್ ಈ ಬಗೆಯ ಸೇತುವೆ ರೂಪಿಸಿದವರು. ಪಾಂಬನ್ ಸೇತುವೆಯಲ್ಲಿ ಮೊದಲ ರೈಲು ಓಡಿದ್ದು 1914ರಲ್ಲಿ.

ಧನುಷ್ಕೋಡಿಯ ಮುರಿದ ಗೋಡೆಗಳನ್ನು ಹಿಂದಿನ ದಿನವಷ್ಟೇ ಕಂಡಿದ್ದೆ. 1964ರ ಡಿಸೆಂಬರಿನ ಚಂಡಮಾರುತ ಅಲ್ಲಿ ಪ್ರಯಾಣಿಕರಿದ್ದ ಒಂದು ಇಡೀ ರೈಲನ್ನೇ ನುಂಗಿತು, ಈ ಸೇತುವೆಯ ಗರ್ಡರ್‌ಗಳನ್ನೂ ಕಡಲಿಗೆಳೆಯಿತು. ದುರಸ್ತಿಗೆ ಮೂರು ತಿಂಗಳ ಗಡುವಿತ್ತು. ಇ. ಶ್ರೀಧರನ್ ಎಂಬ ಯುವ ಎಂಜಿನಿಯರ್, ಮುಂದೆ ಕೊಂಕಣ ರೈಲ್ವೆಯಿಂದ ನಮ್ಮ ಕರಾವಳಿಗೂ ಪರಿಚಿತರಾದವರು, 46 ದಿನಗಳಲ್ಲಿ ಮುಗಿಸಿಕೊಟ್ಟರು. ಗೋಡೆ ನೋಡಿ ನಿಟ್ಟುಸಿರಿಟ್ಟಿದ್ದ ನನಗೆ, ಆ ದುರಂತದ ಇನ್ನೊಂದು ಅರ್ಧ ಇಲ್ಲಿ ದುಡಿಯುತ್ತ ನಿಂತಿದೆ ಎಂಬುದು ಹೊಳೆದಿರಲಿಲ್ಲ. ಅಂದಿನಿಂದ ಯಾವ ಊರಿಗೆ ಹೋದರೂ ಹೊಳೆ ದಾಟಿದ ಮೇಲೆ ದಂಡೆಗಿಳಿದು, ದಾಟಿಸಿದ್ದು ಯಾವುದೆಂದು ತಿರುಗಿ ನೋಡುತ್ತೇನೆ. ಪ್ರವಾಸದ ಪಟ್ಟಿಯಿಂದ ಒಂದು ಜಾಗ ಬಿಟ್ಟುಹೋದರೂ ಸರಿ.

2022ರ ಡಿಸೆಂಬರಿನಲ್ಲಿ ಆ ಹಳೆಯ ಸೇತುವೆಯ ಮೇಲೆ ರೈಲು ಸಂಚಾರ ನಿಂತಿತು. 2025ರ ಏಪ್ರಿಲ್‌ನಲ್ಲಿ ಪಕ್ಕದಲ್ಲೇ ಹೊಸ ಸೇತುವೆ ಬಂತು. ಅದರ ನಡುಭಾಗ ಲಿಫ್ಟಿನಂತೆ ನೇರ ಮೇಲೇರುತ್ತದೆ.

ಆ ಪ್ರವಾಸದಿಂದ ನಾವು ಮರಳಿದ್ದು ರಾತ್ರಿಯ ರೈಲಿನಲ್ಲಿ. ಕಿಟಕಿಯಾಚೆ ಕತ್ತಲೆ. ಗಾಲಿಯ ಸದ್ದು ಸ್ವಲ್ಪ ಹೊತ್ತು ಒಂದೇ ಸಮನೆ ಬಂತು, ಆಮೇಲೆ ಒಮ್ಮೆಲೇ ಟೊಳ್ಳಾಗಿ ಮೊಳಗಿತು. ನಿದ್ದೆಗಣ್ಣಿನಲ್ಲಿದ್ದ ಹೆಂಡತಿ, ‘ರೆಕ್ಕೆ ಬಂತು ಅಲ್ವಾ?’ ಅಂದಳು.