ಈ ಸರಾಸರಿ ಯಾರದ್ದು?

ನನ್ನ ತಂಗಿ ನಗುವಾಗ ದುಪಟ್ಟಾದಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಅವಳ ಕೆಳಗಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಏರಿವೆ. ಕಳೆದ ರಜೆಯಲ್ಲಿ ಅಬ್ಬಾ ಮತ್ತು ನಾನು ಅವಳನ್ನು ಬೀರೂರಿನಿಂದ ರೈಲಿನಲ್ಲಿ ದಾವಣಗೆರೆಗೆ ಕರೆದುಕೊಂಡು ಹೋದೆವು. ಡಾಕ್ಟರ್ ಹಲ್ಲಿನ ಅಚ್ಚು ತೆಗೆದು, ಒಂದೊಂದು ಹಲ್ಲಿನ ಅಗಲವನ್ನೂ ಅಳೆದರು.

ಲೆಕ್ಕ ನಮ್ಮ ಕಾಮರ್ಸ್‌ನವರಿಗೆ ಸುಲಭ. ಕೆಳಗಿನ 12 ಹಲ್ಲುಗಳ ಒಟ್ಟು ಅಗಲವನ್ನು ಮೇಲಿನ 12 ಹಲ್ಲುಗಳ ಒಟ್ಟು ಅಗಲದಿಂದ ಭಾಗಿಸಿ 100ರಿಂದ ಗುಣಿಸಬೇಕು. ತಂಗಿಗೆ ಕೆಳಗೆ 87 ಮಿ.ಮೀ., ಮೇಲೆ 93 ಮಿ.ಮೀ.; ಅಂದರೆ ಶೇ. 93.5. ಪುಸ್ತಕದ ಸರಾಸರಿ ಶೇ. 91.3. ಆ ಪ್ರಕಾರ ಕೆಳಗೆ 84.9 ಮಿ.ಮೀ. ಸಾಕು, ಸುಮಾರು 2 ಮಿ.ಮೀ. ಹೆಚ್ಚಾಗಿದೆ. ಹೀಗಿದ್ದರೆ ಕೆಲವರಿಗೆ ಹಲ್ಲಿನ ಪಕ್ಕದ ಎನಾಮೆಲ್ ಸ್ವಲ್ಪ ಉಜ್ಜುತ್ತಾರೆ. ಉಜ್ಜಿದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ತಂಗಿ ಹೆದರಿ ಅಬ್ಬಾ ಕೈ ಹಿಡಿದುಕೊಂಡಳು.

ನಾನು ಕೇಳಿದೆ: "ಸರ್, ಈ 91.3 ಯಾರ ಸರಾಸರಿ?"

ಡಾಕ್ಟರ್ ಬೇಸರಪಡದೆ ವಿವರಿಸಿದರು. 1958ರಲ್ಲಿ ಅಮೆರಿಕದ ಡಾ. ವೇಯ್ನ್ ಬೋಲ್ಟನ್ ಹಲ್ಲು ಚೆನ್ನಾಗಿ ಕೂಡುವ 55 ಜನರ ಅಚ್ಚು ಅಳೆದು ಇದನ್ನು ಕಂಡುಕೊಂಡರು. 2000ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅಮೆರಿಕದ ಮೂರು ಸಮುದಾಯಗಳನ್ನು ಅಳೆದಾಗ ಬಿಳಿಯರ ಸರಾಸರಿ 92.3, ಹಿಸ್ಪಾನಿಕ್ ಜನರದ್ದು 93.1, ಕಪ್ಪು ಜನರದ್ದು 93.4 ಬಂತು. 93.1 ಹಿಡಿದರೆ ತಂಗಿಗೆ ಹೆಚ್ಚಿರುವುದು 0.4 ಮಿ.ಮೀ. ಮಾತ್ರ! ಹಲ್ಲು ಅದೇ, ಅಳತೆಗೋಲು ಬೇರೆ.

ಇನ್ನೊಂದು ವಿಷಯ. ಬೋಲ್ಟನ್ ಲೆಕ್ಕದಲ್ಲಿ ಮಾನಕ ವಿಚಲನೆ 1.91. ಸರಾಸರಿಯಿಂದ ಎರಡು ಮಾನಕ ವಿಚಲನೆಯವರೆಗೆ ಎಂದರೆ 87.5ರಿಂದ 95.1. ತಂಗಿ ಅದರೊಳಗೇ ಇದ್ದಾಳೆ.

"ಸಮುದಾಯದ ಸರಾಸರಿಯೂ ನಿನ್ನ ತಂಗಿಯಲ್ಲಪ್ಪ. ಒಂದೇ ಮನೆಯವರ ಹಲ್ಲೂ ಬೇರೆ ಬೇರೆ ಇರುತ್ತವೆ. ಸಂಖ್ಯೆ ನೋಡಿ, ಆಮೇಲೆ ಬಾಯಿ ನೋಡಬೇಕು" ಎಂದರು ಡಾಕ್ಟರ್. ಈಗ ಉಜ್ಜುವುದು ಬೇಡ, ಮೊದಲು ತಂತಿ ಹಾಕೋಣ ಎಂದು ತೀರ್ಮಾನವಾಯಿತು.

ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಸರಾಸರಿ ಕಂಡುಹಿಡಿದು ಕೆಳಗೆ ಗೆರೆ ಎಳೆದರೆ ಲೆಕ್ಕ ಮುಗಿಯಿತು ಎಂದುಕೊಂಡಿದ್ದೆ. ಈಗ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ: ಎಷ್ಟು ಜನರನ್ನು ಅಳೆದರು? ಯಾರನ್ನು ಅಳೆದರು? ನೀವೂ ಕೇಳಿ. ತಂಗಿ ಮಾತ್ರ ಇನ್ನೂ ದುಪಟ್ಟಾ ಬಿಟ್ಟಿಲ್ಲ, ತಂತಿ ಕಾಣುತ್ತದಂತೆ!