ದುಡ್ಡಿಗೆ ಬಗ್ಗುವ ದೋಷ, ಬಗ್ಗದ ದೋಷ

ಪುಟ್ಟಿ,

ನೀನು ಕಳಿಸಿದ ಮೂರೂ ಕಾರುಗಳ ಫೋಟೊ ನೋಡಿದೆ. ಆರ್.ಟಿ. ನಗರದ ನಿವೃತ್ತ ಮೇಷ್ಟ್ರ 2014ರ ವ್ಯಾಗನ್ ಆರ್, 2.9 ಲಕ್ಷ. ಯಶವಂತಪುರದ ವ್ಯಾಪಾರಿಯ ಹತ್ತಿರ ನಿಂತಿರುವ 2018ರ ಪೆಟ್ರೋಲ್ ಸ್ವಿಫ್ಟ್, 5.4 ಲಕ್ಷ. ಹೆಬ್ಬಾಳದಲ್ಲಿ ಬ್ರೋಕರ್ ತೋರಿಸಿದ, ಹರಿಯಾಣ ನಂಬರಿನ 2018ರ ಡೀಸೆಲ್ ಬ್ರೆಝಾ, 5.6 ಲಕ್ಷ. ‘ಇಪ್ಪತ್ತು ಸಾವಿರ ಜಾಸ್ತಿ ಕೊಟ್ಟರೆ ಅಷ್ಟು ದೊಡ್ಡ ಗಾಡಿ ಬರುತ್ತೆ, ಮೂರನೆಯದೇ ಲಾಭ ಅಲ್ವಾ ಮಾವ?’ ಅಂತ ಕೇಳಿದ್ದೀಯ. ಬರೀ ಬೆಲೆ ನೋಡಿದರೆ ಹಾಗೇ ಕಾಣುತ್ತದೆ. ಆದರೆ ಹಳೇ ಗಾಡಿಗೆ ಮಾರುವವರು ಹೇಳುವ ಬೆಲೆ ಅರ್ಧ ಬೆಲೆ ಮಾತ್ರ. ಉಳಿದರ್ಧ ಮನೆಗೆ ತಂದ ಮೇಲೆ ಗೊತ್ತಾಗುತ್ತದೆ.

ನಾನು ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿ ಇದ್ದವನು. ಎರಕ ಹೊಯ್ದ ಗಾಲಿಯ ಮೈಮೇಲೆ ಒರಟು ಇದ್ದರೆ ಉಜ್ಜಿ ಸರಿಮಾಡುತ್ತಿದ್ದೆವು. ಅಲ್ಟ್ರಾಸಾನಿಕ್ ಪರೀಕ್ಷೆಯಲ್ಲಿ ಒಳಗೆ ಬಿರುಕು ಕಂಡರೆ ಮಾತ್ರ ಆ ಗಾಲಿ ಮೇಲಿನಿಂದ ಎಷ್ಟೇ ನುಣುಪಾಗಿದ್ದರೂ ವಾಪಸ್ ಕುಲುಮೆಗೆ. ನೀನೂ ಗಾಡಿಯ ಮುಂದೆ ನಿಂತಾಗ ಇದೊಂದೇ ವಿಂಗಡಣೆ ಮಾಡು: ಈ ದೋಷ ದುಡ್ಡು ಕೊಟ್ಟರೆ ಸರಿಹೋಗುತ್ತದೋ, ಎಷ್ಟು ಕೊಟ್ಟರೂ ಹೋಗುವುದಿಲ್ಲವೋ? ಮೊದಲನೆಯದಕ್ಕೆ ಚೌಕಾಸಿ ಮಾಡಬೇಕು. ಎರಡನೆಯದಾದರೆ ಬೆಲೆ ಮಾತಾಡದೆ ಹೊರಟುಬರಬೇಕು.

ಮೇಷ್ಟ್ರ ಗಾಡಿಯ ಟಾಪಿನ ಬಣ್ಣ ಮಾಸಿದೆ, ಎಡಗಡೆ ಗೀರು ಬಿದ್ದಿದೆ, ಟೈರು ಸವೆದಿದೆ, ಕ್ಲಚ್ ಗಟ್ಟಿ ಅಂದೆ. ಇವೆಲ್ಲ ಕಣ್ಣಿಗೆ ರಾಚುವ ದೋಷಗಳು, ಅದಕ್ಕೇ ನೀನು ಮುಖ ಸಿಂಡರಿಸಿದ್ದು. ಲೆಕ್ಕ ಹಾಕಿ ನೋಡು. ನಾಲ್ಕು ಟೈರು, ಕ್ಲಚ್ ಪ್ಲೇಟು, ಬ್ಯಾಟರಿ, ಸಸ್ಪೆನ್ಷನ್ನಿನ ಬುಷ್‌ಗಳು ಎಲ್ಲ ಸೇರಿ ಹೆಚ್ಚು ಕಡಿಮೆ 35 ಸಾವಿರ. ಗೀರನ್ನು ಹಾಗೇ ಬಿಡು, ನಮ್ಮ ಸಿಗ್ನಲ್‌ಗಳಲ್ಲಿ ಬೈಕಿನವರು ಇನ್ನೆರಡು ಸೇರಿಸುತ್ತಾರೆ. ಆ ಗಾಡಿಗೆ ಮೊದಲಿನಿಂದ ಒಬ್ಬರೇ ಓನರ್, ಪ್ರತಿ ಸರ್ವಿಸಿನ ಬಿಲ್ಲೂ ಫೈಲಿನಲ್ಲಿ ಇದೆ. ಯಾವ ವರ್ಷ ಎಷ್ಟು ಕಿಲೋಮೀಟರ್ ಓಡಿತ್ತು, ಬ್ರೇಕ್ ಪ್ಯಾಡ್ ಯಾವಾಗ ಹಾಕಿಸಿದರು ಅಂತ ತಾರೀಖಿನ ಸಮೇತ ಸಿಗುತ್ತದೆ. ಹಳೇ ಗಾಡಿ ವ್ಯಾಪಾರದಲ್ಲಿ ಇಂಥ ಫೈಲು ಅಪರೂಪ.

ಹಾಗಾದರೆ ಅದನ್ನೇ ತಗೋ ಅಂತ ಹೇಳಬಹುದಿತ್ತು. ಹೇಳಲು ಮನಸ್ಸು ಬರುತ್ತಿಲ್ಲ. ಆ ಫೋಟೊದಲ್ಲಿ ಸ್ಟೀರಿಂಗ್ ನೋಡಿದೆ, ಏರ್‌ಬ್ಯಾಗ್ ಇಲ್ಲದ ಮಾಡೆಲ್ ಅದು. ಎಬಿಎಸ್ ಕೂಡ ಇಲ್ಲ. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದ್ದೇ 2019ರಲ್ಲಿ, ಅದಕ್ಕೆ ಮುಂಚಿನ ಅಗ್ಗದ ಮಾಡೆಲ್‌ಗಳಲ್ಲಿ ಎಷ್ಟೋ ಗಾಡಿಗಳು ಹೀಗೇ ಬಂದವು. ಆರ್.ಟಿ. ನಗರದ ಗಲ್ಲಿಗಳಲ್ಲಿ ತರಕಾರಿ ತರುವುದಕ್ಕೆ, ಗಂಗೇನಹಳ್ಳಿಗೆ ಹೋಗಿಬರುವುದಕ್ಕೆ ಮೇಷ್ಟ್ರಿಗೆ ಅದು ಸಾಕಾಗಿತ್ತು. ನೀನು ಓಡಿಸುವುದು ಬಳ್ಳಾರಿ ರಸ್ತೆಯಲ್ಲಿ. ಹೆಬ್ಬಾಳ ಫ್ಲೈಓವರ್ ಇಳಿದ ಮೇಲೆ ಏರ್‌ಪೋರ್ಟ್ ಟ್ಯಾಕ್ಸಿಗಳು ಯಾವ ವೇಗದಲ್ಲಿ ಬರುತ್ತವೆ ಅಂತ ನಿನಗೆ ಗೊತ್ತಿದೆ. ಹಿಂದಿನ ಸೀಟಿನಲ್ಲಿ ಅಕ್ಕ, ಭಾವ ಕೂತಿರುತ್ತಾರೆ. ಯಾವ ಮೆಕ್ಯಾನಿಕ್ಕೂ ಆ ಗಾಡಿಗೆ ಏರ್‌ಬ್ಯಾಗ್ ಹಾಕಿಕೊಡುವುದಿಲ್ಲ. ಅಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡ ಗಾಡಿಯನ್ನು ಬಿಡು ಅನ್ನುವಾಗ ನನಗೂ ಹೊಟ್ಟೆ ಉರಿಯುತ್ತದೆ, ಆದರೂ ನಿನ್ನ ಓಡಾಟಕ್ಕೆ ಅದು ಬೇಡ.

ಇನ್ನು ಬ್ರೆಝಾ. ಹರಿಯಾಣದ ಡೀಸೆಲ್ ಗಾಡಿ ಇಷ್ಟು ದೂರ ಯಾಕೆ ಬಂತು ಅಂತ ಮೊದಲು ಕೇಳಿಕೋ. ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳನ್ನು ಓಡಿಸಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಮಾಡಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಗುರುಗ್ರಾಮ, ಫರಿದಾಬಾದ್ ಎಲ್ಲ ಆ ವಲಯದೊಳಗೇ ಬರುತ್ತವೆ. ಆ ಆದೇಶಗಳಿಂದ ಅಲ್ಲಿ ಡೀಸೆಲ್ ಗಾಡಿಯ ಬೆಲೆ ಬಿತ್ತು, ಬ್ರೋಕರ್‌ಗಳು ತಂದು ದಕ್ಷಿಣದಲ್ಲಿ ಮಾರತೊಡಗಿದರು. ಇದರಲ್ಲಿ ಮೋಸವೇನೂ ಇಲ್ಲ, ಎಷ್ಟೋ ಗಾಡಿಗಳು ಚೆನ್ನಾಗಿಯೇ ಇರುತ್ತವೆ. ಆದರೆ ಬ್ರೋಕರ್ ಹೇಳುವ 5.6 ಲಕ್ಷದಲ್ಲಿ ಕರ್ನಾಟಕದ ತೆರಿಗೆ ಸೇರಿಲ್ಲ. ನಮ್ಮಲ್ಲಿ ಹೊಸ ಕಾರಿಗೆ ಬೆಲೆಗೆ ತಕ್ಕಂತೆ ಶೇ 13ರಿಂದ 18ರವರೆಗೆ ಆಜೀವ ತೆರಿಗೆ ಇದೆ. ಹೊರರಾಜ್ಯದಿಂದ ಬಂದ ಹಳೇ ಗಾಡಿಗೂ ವಯಸ್ಸಿನ ಲೆಕ್ಕದಲ್ಲಿ ಒಂದಷ್ಟು ಬಿಟ್ಟು ಉಳಿದದ್ದನ್ನು ಇಲ್ಲಿ ಕಟ್ಟಲೇಬೇಕು. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು. ಅದು ಕೈಗೆ ಬರದೆ ಇಲ್ಲಿ ಕೆಎ ನಂಬರ್ ಸಿಗುವುದಿಲ್ಲ. ಅದರ ಮೇಲೆ ಡೀಸೆಲ್: ಇಂಜೆಕ್ಟರ್, ಟರ್ಬೊ ಕೈಕೊಟ್ಟರೆ ಪೆಟ್ರೋಲ್ ಎಂಜಿನ್ನಿನ ರಿಪೇರಿಯ ಎರಡು ಮೂರು ಪಟ್ಟು ಬಿಲ್ಲು. ಸಹಕಾರ ನಗರದಿಂದ ಮಾನ್ಯತಾ ಟೆಕ್ ಪಾರ್ಕಿಗೆ ಹೋಗಿಬರುವವಳಿಗೆ ಡೀಸೆಲ್ಲಿನ ಮೈಲೇಜಿನಿಂದ ಉಳಿಯುವುದು ಏನು?

ಯಾವ ಹಳೇ ಗಾಡಿಯಾದರೂ ನೀರಿನ ವಿಷಯ ಹೇಳಲೇಬೇಕು, ಇದನ್ನು ಸಮಾಧಾನವಾಗಿ ಓದು. 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ಕೋಡಿ ಬಿದ್ದು ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನೊಳಗೆ ನೀರು ನುಗ್ಗಿದಾಗ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರಗೆ ಕರೆತಂದರು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ ಗತಿ. ನಿನ್ನ ಮಾನ್ಯತಾ ಟೆಕ್ ಪಾರ್ಕಿನ ಒಳರಸ್ತೆಗಳೂ ಆ ತಿಂಗಳು ಹೊಳೆಯಾಗಿದ್ದವು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಎಷ್ಟೋ ಕಾರುಗಳು ನೀರಿನಲ್ಲಿ ಮುಳುಗಿದವು. ವಿಮಾ ಕಂಪನಿಯವರು ಪೂರ್ತಿ ನಷ್ಟ ಅಂತ ಬರೆದ ಗಾಡಿಗಳು ಹರಾಜಿಗೆ ಹೋಗುತ್ತವೆ. ಕೊಂಡವರು ಒಣಗಿಸಿ, ಪಾಲಿಶ್ ಹೊಡೆದು ಮತ್ತೆ ಮಾರಾಟಕ್ಕೆ ಇಡುವುದೂ ಉಂಟು. ಎಂಜಿನ್ ಸ್ಟಾರ್ಟ್ ಆಗುತ್ತದೆ, ಎಸಿ ತಣ್ಣಗಿರುತ್ತದೆ. ಒಂದು ವರ್ಷ ಕಳೆಯಲಿ, ವೈರಿಂಗ್ ಕನೆಕ್ಟರ್‌ಗಳೊಳಗೆ ಹಸಿರು ಕಿಲುಬು ಕಟ್ಟಿ, ಇವತ್ತು ಪವರ್ ವಿಂಡೊ, ನಾಳೆ ಸ್ಟೀರಿಂಗ್, ನಾಡಿದ್ದು ಎಂಜಿನ್ನಿನ ಕಂಪ್ಯೂಟರ್. ಎಷ್ಟು ಸುರಿದರೂ ಮುಗಿಯದ ರಿಪೇರಿ ಅದು.

ಇದನ್ನು ಪತ್ತೆಮಾಡಲು ಮೆಕ್ಯಾನಿಕ್ಕೇ ಬೇಕಾಗಿಲ್ಲ. ಹಿಂದಿನ ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ಹಾಗೇ ಹಿಡಿದುಕೋ. ಸೀಟು ತೊಳೆಯುತ್ತಾರೆ, ಮ್ಯಾಟ್ ಬದಲಾಯಿಸುತ್ತಾರೆ, ರೀಲಿನೊಳಗೆ ಸುತ್ತಿಕೊಂಡಿರುವ ಕೊನೆಯ ಒಂದು ಮೊಳ ಬೆಲ್ಟು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಅಲ್ಲಿ ಮಣ್ಣಿನ ಬಣ್ಣದ ಗೆರೆ ಇದ್ದರೆ ನೀರು ಎಲ್ಲಿಯವರೆಗೆ ಏರಿತ್ತು ಅಂತ ಅದೇ ಹೇಳುತ್ತದೆ. ಆಮೇಲೆ ಮುಂದಿನ ಸೀಟು ಹಿಂದಕ್ಕೆ ಸರಿಸಿ ಕೆಳಗಿನ ಹಳಿ, ಬೋಲ್ಟು ಮುಟ್ಟಿ ನೋಡು, ತುಕ್ಕು ಹಿಡಿದಿದೆಯಾ ಅಂತ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯ ಮೂಲೆಗೆ ಬೆರಳು ಹಾಕು. ಕಿಟಕಿ ಮುಚ್ಚಿ ಐದು ನಿಮಿಷ ಒಳಗೆ ಕೂತುಕೋ. ಸೆಂಟಿನ ಘಾಟು ಜೋರಾಗಿದ್ದರೆ ಅದರ ಅಡಿಯಲ್ಲಿ ಯಾವ ವಾಸನೆ ಇದೆ ಅಂತ ಮೂಸಿ ನೋಡಬೇಕು.

ಉಳಿದದ್ದು ಸ್ವಿಫ್ಟು. ಸ್ವಿಫ್ಟಿನ ಹೊಸ ರೂಪವೊಂದು 2018ರ ಫೆಬ್ರುವರಿಯಲ್ಲಿ ಬಂತು, ಅದರ ಎಲ್ಲ ಮಾಡೆಲ್‌ಗಳಲ್ಲೂ ಎರಡು ಏರ್‌ಬ್ಯಾಗ್, ಎಬಿಎಸ್ ಇವೆ. ನೀನು ನೋಡಿರುವುದು ಆ ರೂಪದ್ದೇನಾ, ಆರ್‌ಸಿಯಲ್ಲಿ ತಯಾರಾದ ತಿಂಗಳು ಯಾವುದು ಅಂತ ಖಾತ್ರಿ ಮಾಡಿಕೋ. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತಿಕೊಂಡೇ ಇದ್ದರೂ ತಪ್ಪು, ಹೊತ್ತದೇ ಇದ್ದರೆ ಇನ್ನೂ ದೊಡ್ಡ ತಪ್ಪು. ಅಪಘಾತದಲ್ಲಿ ಬ್ಯಾಗ್ ಒಡೆದು, ಹೊಸದು ಹಾಕದೆ ದೀಪದ ತಂತಿ ಕಿತ್ತಿರಬಹುದು.

ವ್ಯಾಪಾರಿ 42 ಸಾವಿರ ಕಿಲೋಮೀಟರ್ ಅಂದನಂತೆ. ಮೀಟರ್ ಹಿಂದಕ್ಕೆ ತಿರುಗಿಸುವುದು ಈಗ ಲ್ಯಾಪ್‌ಟಾಪಿನ ಕೆಲಸ, ಅದನ್ನು ನಂಬಬೇಡ. ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ, ಡ್ರೈವರ್ ಸೀಟಿನ ಬಲ ಅಂಚು ಕುಸಿದಿದ್ದರೆ, ಸ್ಟೀರಿಂಗ್ ಕೈ ಹಿಡಿಯುವ ಕಡೆ ಮಿರಮಿರ ಮಿಂಚುತ್ತಿದ್ದರೆ ಅದು 42 ಸಾವಿರದ ಗಾಡಿ ಅಲ್ಲ. ಕಂಪನಿ ಸರ್ವಿಸ್ ಸೆಂಟರಿನ ದಾಖಲೆ ತರಿಸಿಕೊಡು ಅಂತ ಕೇಳು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2318 ಅಂದರೆ 2018ರ 23ನೇ ವಾರದ ಟೈರು. ಅದೇ ಹಳೇ ಟೈರು ಇದ್ದರೆ ಕಾರಿನ ಜೊತೆ ಬಂದದ್ದು, ವಯಸ್ಸಾಗಿದೆ, ನಾಲ್ಕು ಟೈರಿನ ಬೆಲೆ ಇಳಿಸು.

ಒಂದು ಬಾಗಿಲಿಗೆ ಮತ್ತೆ ಬಣ್ಣ ಹೊಡೆದಿದ್ದಾರೆ ಅಂತ ಹೆದರಿದ್ದೀಯ. ಬಾಗಿಲು, ಬಂಪರ್‌ಗೆ ಪೇಂಟ್ ಆಗಿರುವುದು ಬೆಂಗಳೂರಿನಲ್ಲಿ ದೊಡ್ಡ ಸಂಗತಿಯಲ್ಲ. ಬಾನೆಟ್ ಎತ್ತಿ ಎರಡೂ ಕಡೆಯ ಒಳಮೈ ನೋಡು. ಕಂಪನಿಯ ಸ್ಪಾಟ್ ವೆಲ್ಡಿಂಗಿನ ಚುಕ್ಕಿಗಳು ಸಮ ಅಂತರದಲ್ಲಿ ಇರುತ್ತವೆ. ಒಂದು ಕಡೆ ಚುಕ್ಕಿ ಕಾಣದೆ ಬರೀ ಸೀಲಂಟ್ ಮೆತ್ತಿದ್ದರೆ, ರೇಡಿಯೇಟರ್ ಹಿಡಿದಿರುವ ಪಟ್ಟಿ ಹೊಸದಾಗಿದ್ದರೆ, ಮಡ್‌ಗಾರ್ಡಿನ ಬೋಲ್ಟ್ ತಲೆಯ ಬಣ್ಣ ಸ್ಪ್ಯಾನರ್ ತಾಗಿ ಎದ್ದಿದ್ದರೆ ಮುಂಭಾಗಕ್ಕೆ ಭಾರಿ ಪೆಟ್ಟು ಬಿದ್ದಿದೆ ಅಂತ ತಿಳಿ. ಆಗ ಬೆಲೆಯಲ್ಲಿ ಎಷ್ಟು ಕಡಿಮೆ ಮಾಡಿದರೂ ಬೇಡ.

ಎಂಜಿನ್ ನೋಡಲು ಬೆಳಗ್ಗೆಯೇ ಹೋಗಬೇಕು, ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿರಬೇಕು. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ ಯಾರೋ ಮೊದಲೇ ಓಡಿಸಿ ಸಿದ್ಧಮಾಡಿದ್ದಾರೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತಲೇ ಇದ್ದರೆ ಕೂಲಂಟ್ ಒಳಗೆ ಸೋರುತ್ತಿದೆ, ಆಯಿಲ್ ಮುಚ್ಚಳದ ಒಳಗೆ ಕಾಫಿ ಬಣ್ಣದ ನೊರೆ ಇದೆಯಾ ನೋಡು. ಆಮೇಲೆ ಓಡಿಸು. ಗೊರಗುಂಟೆಪಾಳ್ಯದ ಗದ್ದಲದಲ್ಲಿ ಕ್ಲಚ್ ಗೊತ್ತಾಗುತ್ತದೆ, ತುಮಕೂರು ರಸ್ತೆಯಲ್ಲಿ ಸ್ಟೀರಿಂಗ್ ಒಂದು ಕಡೆ ಎಳೆಯುತ್ತದಾ ಅಂತ ಗೊತ್ತಾಗುತ್ತದೆ. ರೇಡಿಯೊ ಬಂದ್ ಮಾಡಿ ಓಡಿಸು.

ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಮೆಕ್ಯಾನಿಕ್ ಹತ್ತಿರ ತಗೊಂಡು ಹೋಗಿ ಲಿಫ್ಟಿಗೆ ಏರಿಸಿ ತೋರಿಸುತ್ತೇವೆ ಅಂತ ವ್ಯಾಪಾರಿಯನ್ನು ಕೇಳು. ಒಪ್ಪಿದರೆ ಮುಂದಿನ ಮಾತು. ‘ನಮ್ಮ ಚೆಕಿಂಗ್ ರಿಪೋರ್ಟ್ ಇದೆಯಲ್ಲ ಮೇಡಂ’ ಅಂದರೆ ನಮಸ್ಕಾರ ಹೇಳಿ ಬಾ. ಬೇರೆ ಸ್ವಿಫ್ಟ್ ಸಿಗುತ್ತದೆ.

ಕಾಗದ ಪತ್ರದಲ್ಲಿ ಸಡಿಲ ಬಿಡಬೇಡ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ, ಫಾರಂ 35 ಕೈಗೆ ಬರಲಿ. ವರ್ಗಾವಣೆಗೆ ಫಾರಂ 29, 30. ಯಶವಂತಪುರದ ಕೆಎ-04 ಆಗಿರಲಿ, ನಮ್ಮ ಯಲಹಂಕದ ಕೆಎ-50 ಆಗಿರಲಿ, ಒಂದೇ ರಾಜ್ಯದೊಳಗಿನ ವರ್ಗಾವಣೆ, ದೊಡ್ಡ ತಲೆನೋವಲ್ಲ. ಟ್ರಾಫಿಕ್ ದಂಡ ಎಷ್ಟು ಬಾಕಿ ಇದೆ ಅಂತ ಗಾಡಿ ನಂಬರ್ ಹಾಕಿ ನೋಡು, ಇದ್ದರೆ ಅವರೇ ಕಟ್ಟಲಿ. ವ್ಯಾಪಾರಿಯ ಹೆಸರಿಗೆ ಆರ್‌ಸಿ ಆಗಿರುವುದಿಲ್ಲ, ಹಳೇ ಓನರ್ ಹೆಸರಲ್ಲೇ ಇರುತ್ತದೆ. ಆ ಓನರ್ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡದೆ ದುಡ್ಡು ಕೊಡಬೇಡ. ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಬೇಗ ವರ್ಗಾವಣೆ ಆಗಲಿ ಅನ್ನುವ ಆತುರ ಅವರಿಗೂ ಇರಬೇಕು, ಇಲ್ಲದಿದ್ದರೆ ಯಾಕಿಲ್ಲ ಅಂತ ಯೋಚಿಸು.

ವಿಮೆ ಬರೀ ಥರ್ಡ್ ಪಾರ್ಟಿ ಮಾಡಿಸಿ ದುಡ್ಡು ಉಳಿಸಬೇಡ. 2019ರ ಫೆಬ್ರುವರಿ 23ರಂದು ಏರೋ ಇಂಡಿಯಾ ಪಾರ್ಕಿಂಗಿನಲ್ಲಿ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟವಲ್ಲ, ನಮ್ಮ ಮನೆಯ ಮೇಲಿನಿಂದಲೇ ಆ ಕರಿ ಹೊಗೆ ಕಾಣುತ್ತಿತ್ತು. ಬೆಂಕಿ, ನೀರು, ಕಳವು ಯಾವುದಕ್ಕೂ ಥರ್ಡ್ ಪಾರ್ಟಿ ವಿಮೆಯಲ್ಲಿ ಒಂದು ರೂಪಾಯಿ ಬರುವುದಿಲ್ಲ. ಸಮಗ್ರ ವಿಮೆ ಮಾಡಿಸು, ಎಂಜಿನ್ನಿಗೆ ನೀರು ಹೋದರೆ ಸಿಗುವ ಹೆಚ್ಚುವರಿ ರಕ್ಷಣೆಯನ್ನೂ ಸೇರಿಸಿಕೋ. ಗಾಡಿ ವರ್ಗವಾದ 14 ದಿನದೊಳಗೆ ಪಾಲಿಸಿ ನಿನ್ನ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕು. ಹಳೇ ಓನರಿನ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಆದ್ದರಿಂದ ಪ್ರೀಮಿಯಂ ಸ್ವಲ್ಪ ಏರುತ್ತದೆ. ಅದನ್ನೂ ಬಜೆಟ್ಟಿಗೆ ಸೇರಿಸು.

ಸ್ವಿಫ್ಟಿಗೆ ನನ್ನ ಲೆಕ್ಕದಲ್ಲಿ ಐದು ಲಕ್ಷದ ಮೇಲೆ ಹೋಗಬೇಡ, ಟೈರು ಹಳೆಯವಾದರೆ ಇನ್ನೂ ಕಡಿಮೆ. ಕೈಯಲ್ಲಿರುವ ಪೂರ್ತಿ ದುಡ್ಡನ್ನು ಗಾಡಿಗೇ ಸುರಿಯದೆ 50 ಸಾವಿರ ಬೇರೆ ಇಡು, ಮೊದಲ ಮೂರು ತಿಂಗಳಲ್ಲಿ ಆಯಿಲ್, ಕೂಲಂಟ್, ಬ್ರೇಕ್, ಬೆಲ್ಟು ಎಲ್ಲ ಹೊಸದು ಹಾಕಿಸೋಣ. ಟೋಕನ್ ಅಡ್ವಾನ್ಸ್ ಹತ್ತು ಸಾವಿರ ಸಾಕು, ಬ್ಯಾಂಕ್ ಮೂಲಕವೇ ಕೊಡು, ಪರೀಕ್ಷೆಯಲ್ಲಿ ದೋಷ ಕಂಡರೆ ವಾಪಸ್ ಅಂತ ರಸೀದಿಯಲ್ಲಿ ಬರೆಸಿಕೋ. ಗಾಡಿ ಕೈಗೆ ಬಂದಾಗ ಡೆಲಿವರಿ ನೋಟಿನಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಸು, ಅದಕ್ಕೆ ಮುಂಚಿನ ಚಲನ್ ನಿನ್ನ ತಲೆಗೆ ಬರಬಾರದು.

ಶನಿವಾರ ಬೆಳಗ್ಗೆ ಏಳಕ್ಕೆ ಯಶವಂತಪುರಕ್ಕೆ ನಾನೂ ಬರುತ್ತೇನೆ. ಕೋಗಿಲಿನ ನಮ್ಮ ಮೆಕ್ಯಾನಿಕ್‌ಗೆ ಫೋನ್ ಮಾಡಿ ಹೇಳಿದ್ದೇನೆ, ಹತ್ತು ಗಂಟೆಯವರೆಗೂ ಲಿಫ್ಟ್ ಖಾಲಿ ಇಟ್ಟಿರುತ್ತಾನೆ. ಟಾರ್ಚು ನಾನು ತರುತ್ತೇನೆ, ನೀನು ಆರ್‌ಸಿಯ ಜೆರಾಕ್ಸ್ ಮೊದಲೇ ತರಿಸಿಟ್ಟುಕೋ. ಭಾವನನ್ನೂ ಕರಕೊಂಡು ಬಾ. ಮಂಡಿನೋವಿನ ಕಾಲಿನಲ್ಲಿ ಆ ಸೀಟಿಗೆ ಹತ್ತಿ ಇಳಿಯಲು ಆಗುತ್ತದಾ ಅಂತ ಅವರೇ ಕೂತು ನೋಡಲಿ.

ನಿನ್ನ ಮಾವ