ನಡುವಿನ ಹೆಜ್ಜೆ

ಟ್ರಿಪಲ್ ಜಂಪ್ ಕಲಿಯಲು ಬರುವ ಎಂಟನೇ ಕ್ಲಾಸಿನ ಹುಡುಗನ ಕಣ್ಣೆಲ್ಲ ಮರಳಿನ ಮೇಲೇ ಇರುತ್ತದೆ. ಮರಳು ಮುಟ್ಟದಿದ್ದರೆ ಮರ್ಯಾದೆ ಹೋಯಿತು ಅಂತ ಅವನ ಲೆಕ್ಕ. ಅದಕ್ಕೇ ಓಡಿಬಂದ ಬಿರುಸನ್ನೆಲ್ಲ ಮೊದಲ ನೆಗೆತಕ್ಕೆ ಸುರಿದುಬಿಡುತ್ತಾನೆ. ಎತ್ತರಕ್ಕೆ ಹಾರಿ ಅದೇ ಕಾಲಿನ ಮೇಲೆ ಧೊಪ್ಪನೆ ಇಳಿಯುತ್ತಾನೆ, ಮಂಡಿ ಕುಸಿಯುತ್ತದೆ. ಎರಡನೆಯದು ನೆಗೆತವೇ ಆಗುವುದಿಲ್ಲ, ಬೀಳದಿರಲೆಂದು ತಡವರಿಸಿ ಇಟ್ಟ ಕಾಲು ಅಷ್ಟೆ. ಮೂರನೆಯದಕ್ಕೆ ಮೈಯಲ್ಲಿ ವೇಗ ಉಳಿದಿರುವುದಿಲ್ಲ. ಅರಸೀಕೆರೆ ಕಡೆಯ ಗಟ್ಟಿ ಕೆಂಪು ನೆಲದಲ್ಲಿ ಹೈಸ್ಕೂಲ್ ಮಕ್ಕಳಿಗೆ ಈ ಆಟ ಕಲಿಸುತ್ತಾ ಬಂದ ನನಗೆ ಮನದಟ್ಟಾದದ್ದು ಒಂದೇ ಮಾತು: ಟ್ರಿಪಲ್ ಜಂಪ್ ಅಂದರೆ ಅದರ ನಡುವಿನ ಹೆಜ್ಜೆ. ಹೊಸಬರಿಗೆ ಕಲಿಸುವುದು ಅಲ್ಲಿಂದಲೇ ಶುರುವಾಗಬೇಕು.

ಈ ಅವಸರಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ದೊಡ್ಡ ಕೂಟಗಳಲ್ಲಿ ಗಂಡಸರು ಎಗರುವ ಬೋರ್ಡ್ ಮರಳಿನ ಪಿಟ್‌ನಿಂದ 13 ಮೀಟರ್ ದೂರ, ಹೆಂಗಸರದು 11 ಮೀಟರ್. ಮೂರೂ ನೆಗೆತ ಸೇರಿ ಎಂಟೊಂಬತ್ತು ಮೀಟರ್ ಹಾರುವ ಮಗುವನ್ನು ಅಷ್ಟು ದೂರ ನಿಲ್ಲಿಸಿದರೆ ಅದು ಹೆದರದೆ ಇನ್ನೇನು ಮಾಡೀತು? ನಾನು ಸುಣ್ಣದ ಗೆರೆ ಎಳೆಯುವುದು ಪಿಟ್‌ನಿಂದ ಆರು ಮೀಟರ್‌ಗೆ. ತೀರಾ ಚಿಕ್ಕವರಿದ್ದರೆ ಐದಕ್ಕೆ. ಮರಳು ಹೇಗೂ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ ಬಂದ ದಿನವೇ ಮೊದಲ ನೆಗೆತ ತಾನಾಗಿ ತಗ್ಗುತ್ತದೆ. ನೂರು ಸಲ ಬಾಯಿಮಾತಿನಲ್ಲಿ ಹೇಳಿದರೂ ಆಗದ ಕೆಲಸವನ್ನು ಆ ಗೆರೆ ಮಾಡುತ್ತದೆ.

ಸ್ವಲ್ಪ ಪಳಗಿದ ಮೇಲೆ ನೆಲದ ಮೇಲೆ ಇನ್ನೊಂದು ಅಳತೆ ಹಾಕಿ ತೋರಿಸುತ್ತೇನೆ. 1995ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬ್ರಿಟನ್ನಿನ ಜೊನಾಥನ್ ಎಡ್ವರ್ಡ್ಸ್ 18.29 ಮೀಟರ್ ಹಾರಿದರು. ಆ ವಿಶ್ವ ದಾಖಲೆಯಲ್ಲಿ ಮೊದಲ ನೆಗೆತ 6.05, ಎರಡನೆಯದು 5.22, ಮೂರನೆಯದು 7.02. ಮೂರು ಗೆರೆಗಳನ್ನೂ ಎಳೆದು, ‘ನಡುವಿನದರ ಪಕ್ಕ ಹೋಗಿ ನಿಂತ್ಕೊಳ್ರೋ’ ಅನ್ನುತ್ತೇನೆ. ಒಂದೇ ಹೆಜ್ಜೆಯ ಆ ಐದು ಮೀಟರನ್ನು ಕಂಡು ಅವರು ಬಾಯಿ ಬಿಡುತ್ತಾರೆ. ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಕೊನೆಯ 7.02. ಎರಡು ಬಾರಿ ನೆಲಕ್ಕೆ ಅಪ್ಪಳಿಸಿ ಬಂದ ಮೈ ಮತ್ತೆ ಏಳು ಮೀಟರ್ ಹಾರಬೇಕಾದರೆ ಮೊದಲೆರಡರಲ್ಲಿ ಎಷ್ಟು ವೇಗ ಉಳಿಸಿಕೊಂಡಿರಬೇಕು! ಎಡ್ವರ್ಡ್ಸ್ ಎತ್ತರ ಹಾರುತ್ತಿರಲಿಲ್ಲ, ನೆಲಕ್ಕೆ ಹತ್ತಿರದಲ್ಲೇ ಸಾಗುತ್ತಿದ್ದರು. ಅವರ ಹಳೆಯ ವಿಡಿಯೊವನ್ನು ಮೊಬೈಲಿನಲ್ಲಿ ನಿಧಾನಗತಿಗೆ ಹಾಕಿ ಕೊಟ್ಟರೆ ಮಕ್ಕಳೇ ಅದನ್ನು ಕಂಡುಹಿಡಿದು ಹೇಳುತ್ತಾರೆ.

ಆದರೆ ನಾನು ಹೆಚ್ಚು ನಂಬಿರುವುದು ಕಿವಿಯನ್ನು. ಹೊಸಬನ ನೆಗೆತಕ್ಕೆ ಬೆನ್ನು ತಿರುಗಿಸಿ ನಿಂತು ಕೇಳಬೇಕು. ಬೋರ್ಡಿನ ಸದ್ದಾದ ಮೇಲೆ ಉದ್ದನೆಯ ಮೌನ, ಒಂದು ಥಪ್, ಅದರ ಬೆನ್ನಿಗೇ ಇನ್ನೊಂದು ಥಪ್, ಆಮೇಲೆ ಮರಳಿನ ಸದ್ದು. ಎರಡನೆಯ ಅಂತರ ಕುಗ್ಗಿತೆಂದರೆ ನಡುವಿನ ಹೆಜ್ಜೆ ಸತ್ತಿದೆ ಅಂತಲೇ ಅರ್ಥ. ಸರದಿಯಲ್ಲಿ ನಿಂತ ಮಕ್ಕಳಿಗೆ ಒಂದೇ ಸಮನೆ ಚಪ್ಪಾಳೆ ಹಾಕಲು ಹೇಳುತ್ತೇನೆ. ಹಾರುವವನ ಪಾದ ಆ ತಾಳಕ್ಕೆ ಬೀಳಬೇಕು. ‘ಕಾಯೋ, ಗಾಳಿಯಲ್ಲಿ ಕಾಯೋ’ ಅಂತ ಕೂಗುತ್ತೇನೆ, ಯಾಕೆಂದರೆ ಎರಡನೆಯ ನೆಗೆತದಲ್ಲಿ ಮುಂದಿನ ತೊಡೆಯನ್ನು ನೆಲಕ್ಕೆ ಸಮಾನಾಂತರವಾಗಿ ಎತ್ತಿ ಹಿಡಿದು ತಾಳಿಕೊಳ್ಳುವುದೇ ಅದರ ಇಡೀ ಗುಟ್ಟು. ಹೆದರಿದ ಕಾಲು ಬೇಗ ನೆಲ ಹುಡುಕುತ್ತದೆ.

ಕುಂಟಾಬಿಲ್ಲೆ ಆಡಿ ಬೆಳೆದ ಮಕ್ಕಳಿಗೆ ಮೊದಲ ಭಾಗ ಹೇಳಿಕೊಡಬೇಕಾಗಿಯೇ ಇಲ್ಲ. ಎಗರಿದ ಕಾಲಿನ ಮೇಲೇ ಇಳಿಯುವುದು ಅವರಿಗೆ ಗೊತ್ತು. ಅದನ್ನೇ ಹುಲ್ಲಿನ ಮೇಲೆ ಎರಡೂ ಕಾಲಿನಲ್ಲಿ ಮಾಡಿಸುತ್ತೇನೆ. ಆಮೇಲೆ ಎಡಗಾಲು ಬಲಗಾಲು ಬದಲಿಸುತ್ತಾ ಉದ್ದುದ್ದ ದಾಟು. ಮೊದಲ ಎರಡು ಎಗರೂ ಒಂದೇ ಕಾಲಿನಿಂದ ಆಗುವುದರಿಂದ ಗಟ್ಟಿ ಕಾಲು ಅಲ್ಲಿಗಿರಲಿ ಅನ್ನುವುದು ರೂಢಿ. ನಾನೂ ಅದನ್ನೇ ಹೇಳುತ್ತೇನೆ, ಆದರೆ ಒಂದು ತಿಂಗಳು ಎರಡೂ ಬದಿಯಲ್ಲಿ ಹಾರಿಸಿ ನೋಡಿದ ಮೇಲೆ. ಪಾದ ತುದಿಬೆರಳಿನ ಮೇಲೂ ಬೀಳಬಾರದು, ಹಿಮ್ಮಡಿಯ ಮೇಲೂ ಬೀಳಬಾರದು. ಇಡೀ ಪಾದ ಒಟ್ಟಿಗೆ ಸೊಂಟದ ಕೆಳಗೆ ಬಂದು ನೆಲವನ್ನು ಹಿಂದಕ್ಕೆ ಎಳೆದು ಬಿಡಬೇಕು. ಕಾಲನ್ನು ಮುಂದಕ್ಕೆ ಚಾಚಿ ಊರಿದರೆ ಅದೇ ಬ್ರೇಕ್ ಆಗುತ್ತದೆ. ನೋಟ ಪಿಟ್‌ನ ಆಚೆಗಿನ ಬೇವಿನ ಮರದ ತಲೆಯ ಕಡೆಗಿರಲಿ. ಕೈಗಳು ಓಟದಲ್ಲಿದ್ದಂತೆ ಒಂದಾದ ಮೇಲೊಂದು ಬೀಸಿದರೆ ಸಾಕು, ಎರಡೂ ಕೈ ಒಟ್ಟಿಗೆ ಬೀಸುವ ವಿದ್ಯೆಗೆ ಈಗ ಅವಸರವಿಲ್ಲ.

ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಹೇಳಬೇಕು. ‘ಸಾರ್, ಹೀಗೆ ಹಾರಿದ್ರೆ ಹೊಟ್ಟೆಗೆ ಏನಾದ್ರೂ ಆಗತ್ತಂತೆ, ಅಜ್ಜಿ ಬೇಡ ಅಂತಿದ್ದಾರೆ’ ಅಂತ ಒಬ್ಬಳು ಅಭ್ಯಾಸ ನಿಲ್ಲಿಸಿದಾಗ ನಾನು ಮನೆಗೇ ಹೋದೆ. ಆ ಅಜ್ಜಿಯ ಅಂಜಿಕೆ ಬರೀ ಹಳ್ಳಿಯದಲ್ಲ. ಗಂಡಸರಿಗೆ 1896ರ ಮೊದಲ ಒಲಿಂಪಿಕ್ಸ್‌ನಲ್ಲೇ ಇದ್ದ ಈ ಸ್ಪರ್ಧೆ ಹೆಂಗಸರಿಗೆ ಸಿಕ್ಕಿದ್ದು ನೂರು ವರ್ಷದ ಮೇಲೆ, 1996ರ ಅಟ್ಲಾಂಟಾದಲ್ಲಿ. ‘ಅಮ್ಮಾ, ಎಳೆ ಕಾಲಿಗೆ ಬೇಕಾದ ಜೋಪಾನ ಗಂಡುಮಕ್ಕಳಿಗೂ ಒಂದೇ, ಇವಳಿಗೂ ಒಂದೇ, ಅದು ನನ್ನ ಜವಾಬ್ದಾರಿ’ ಅಂದೆ. ವೆನೆಜುವೆಲಾದ ಯುಲಿಮಾರ್ ರೋಹಾಸ್ 2022ರಲ್ಲಿ 15.74 ಮೀಟರ್ ಹಾರಿದ ವಿಡಿಯೊವನ್ನೂ ತೋರಿಸಿದೆ. ಅಜ್ಜಿ ಎರಡು ಸಲ ನೋಡಿದರು. ಹುಡುಗಿ ಮರುವಾರ ಮೈದಾನಕ್ಕೆ ಬಂದಳು.

ಆ ಜೋಪಾನವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಪಳಗಿದ ಆಟಗಾರರಲ್ಲೂ ಎರಡನೆಯ ನೆಗೆತದ ಹೊತ್ತಿಗೆ ಒಂದೇ ಕಾಲಿನ ಮೇಲೆ ಮೈತೂಕದ ಹತ್ತು ಪಟ್ಟಿಗೂ ಮೀರಿದ ಒತ್ತಡ ಬೀಳುತ್ತದೆ. ಬೆಳೆಯುವ ಮೂಳೆ ಅದನ್ನು ದಿನವೂ ತಾಳದು. ಹಾಗಾಗಿ ನಾನು ಎಣಿಸುವುದು ನೆಗೆತಗಳನ್ನಲ್ಲ, ಪಾದ ನೆಲಕ್ಕೆ ಬಿದ್ದ ಲೆಕ್ಕವನ್ನು. ಹೊಸಬರಿಗೆ ಒಂದು ಅಭ್ಯಾಸಕ್ಕೆ ಅರವತ್ತು ದಾಟಿಸುವುದಿಲ್ಲ, ವಾರಕ್ಕೆ ಎರಡೇ ದಿನ. ಹಿಮ್ಮಡಿಯಲ್ಲೋ ಮಂಡಿಚಿಪ್ಪಿನ ಕೆಳಗಿನ ಮೂಳೆಗುಬ್ಬಿನಲ್ಲೋ ನೋವು ಅಂದರೆ ಅಂದಿಗೆ ಅವರು ಪಿಟ್‌ನ ಮರಳು ಕೆದಕಿ ಹದ ಮಾಡುತ್ತಾರೆ, ಹಾರುವುದಿಲ್ಲ. ಬೆಚ್ಚಗಾಗದೆ ಹಾರುವುದಂತೂ ಕೂಡದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆನ್ರಿ ರೆಬೆಲ್ಲೊ ಹತ್ತೊಂಬತ್ತರ ಹುಡುಗ. ಫೈನಲ್ ತಲುಪಿದ್ದರು. ಓಡಲು ಸಿದ್ಧರಾದವರು ಪದಕ ಪ್ರದಾನ ಮುಗಿಯಲೆಂದು ಚಳಿಯಲ್ಲಿ ಕಾದು ನಿಲ್ಲಬೇಕಾಯಿತು, ಆಮೇಲಿನ ನೆಗೆತದಲ್ಲಿ ತೊಡೆಯ ಹಿಂಬದಿಯ ಸ್ನಾಯು ಹರಿಯಿತು. ಆಗಸ್ಟಿನ ಮಳೆಯಲ್ಲಿ ನಡೆಯುವ ಹೋಬಳಿ ಕೂಟಗಳಲ್ಲಿ ಹೆಸರು ಕೂಗುವವರೆಗೂ ಮಕ್ಕಳನ್ನು ಕೂರಲು ಬಿಡದೆ ಕುಣಿಸುತ್ತಿರುವುದು ಈ ಕಥೆ ನೆನಪಿದ್ದೇ.

ಟೇಪ್ ಹಿಡಿಯಿರಿ ಅಂತ ಮಕ್ಕಳು ದಿನವೂ ಗೋಗರೆಯುತ್ತಾರೆ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಎಲ್ದೋಸ್ ಪಾಲ್ 17.03ಕ್ಕೆ ಚಿನ್ನ, ಅಬ್ದುಲ್ಲಾ ಅಬೂಬಕರ್ 17.02ಕ್ಕೆ ಬೆಳ್ಳಿ ಗೆದ್ದದ್ದು ಅವರಿಗೆಲ್ಲ ಬಾಯಿಪಾಠ. ಒಂದು ಸೆಂಟಿಮೀಟರಿನ ಬೆಲೆ ನನಗೂ ಗೊತ್ತು. ಆದರೂ ಮೊದಲ ಕೆಲವು ತಿಂಗಳು ಟೇಪ್ ನನ್ನ ಚೀಲದಲ್ಲೇ ಇರುತ್ತದೆ, ಯಾಕೆಂದರೆ ಅಳತೆ ಶುರುವಾದ ಗಳಿಗೆಯಿಂದ ಎಲ್ಲರೂ ಮತ್ತೆ ಮೊದಲ ನೆಗೆತದಲ್ಲೇ ಗೆಲ್ಲಲು ಹೊರಡುತ್ತಾರೆ. ಅದರ ಬದಲು ಓಟ ಉದ್ದವಾಗುವುದೇ ಅವರ ಬಡ್ತಿ. ಐದು ಹೆಜ್ಜೆಯ ಓಟದಿಂದ ಶುರು. ಚಪ್ಪಾಳೆಯ ತಾಳಕ್ಕೆ ಮೂರೂ ಸರಿಯಾಗಿ ಬಿದ್ದರೆ ಏಳು, ಆಮೇಲೆ ಒಂಬತ್ತು. ನಡುವಿನ ಹೆಜ್ಜೆ ಕುಗ್ಗಿದರೆ ಎರಡು ಹೆಜ್ಜೆ ಕಡಿಮೆ ಮಾಡುತ್ತೇನೆ, ಅದು ತಾಲ್ಲೂಕು ಕೂಟದ ಹಿಂದಿನ ವಾರವಾದರೂ ಸರಿ.